ದೊಡ್ಡವ್ವ ತಂದ ಅಜ್ಜಿಯ ಫಿಲಂ

ಬಳ್ಳಾರಿಯಲ್ಲಿ ಮನೆಯಲ್ಲೇ ಫೋಟೊ ತೊಳೆಯುವ ಹುಚ್ಚು ಹಿಡಿದವನಿಗೆ ಮೊದಲ ಶತ್ರು ಬಿಸಿಲು, ಎರಡನೆಯದು ನಲ್ಲಿ. ನೀರು ಬಿಟ್ಟ ದಿನವೇ ನನ್ನ ಡಾರ್ಕ್‌ರೂಮು ತೆರೆಯಬೇಕು. ಹೆಂಡತಿ ಬಟ್ಟೆ ಒಗೆಯುವುದೂ ಅದೇ ದಿನ, ಅದೇ ಬಚ್ಚಲಲ್ಲಿ. ಹಾಗಾಗಿ ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಕಲೆಗೂ ಸಂಸಾರಕ್ಕೂ ಬಚ್ಚಲ ಬಾಗಿಲಲ್ಲೇ ಜಗಳ. ಕಿಟಕಿಗೆ ರಟ್ಟು ಬಡಿದು, ಬಾಗಿಲ ಸಂದಿಗೆ ಕಂಬಳಿ ತುರುಕಿ, ಕೆಂಪು ಬಲ್ಬು ಹಾಕಿಕೊಂಡು ಕೂತೆನೆಂದರೆ ನಾನು ಯಾರ ಮಾತನ್ನೂ ಕೇಳುವವನಲ್ಲ. "ಫೋನ್‌ನ್ಯಾಗ ಚಿಟಿಕಿ ಹೊಡಿಯೋದ್ರಾಗ ಆಗೋ ಕೆಲಸಕ್ಕ..." ಎಂದು ಅವಳು ಹೊರಗಿನಿಂದ ಶುರು ಮಾಡಿದರೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತೇನೆ.

ಕಳೆದ ಬೇಸಿಗೆಯಲ್ಲಿ ಕುರುಗೋಡಿನಿಂದ ದೊಡ್ಡವ್ವ ಬಂದಳು. ನಮ್ಮ ದೊಡ್ಡಪ್ಪನ ಹೆಂಡತಿ. ತವರು ಸಿರುಗುಪ್ಪದ ಹತ್ತಿರದ ಕರೂರು. ನನ್ನ ಹುಚ್ಚಿನ ಸುದ್ದಿ ಕೇಳಿ, ಅಂಗೈಯಗಲದ ಹಳೆಯ ಫಿಲಂ ಒಂದನ್ನು ಸೀರೆಯ ಮಡಿಕೆಯಲ್ಲಿಟ್ಟು ತಂದಿದ್ದಳು. ಅವಳನ್ನು ಸಾಕಿದ ಅಜ್ಜಿ ತೀರಿಕೊಂಡಾಗ ಟ್ರಂಕಿನಲ್ಲಿ ಸಿಕ್ಕಿದ್ದಂತೆ.

"ನಮ್ಮಜ್ಜಿದು. ತಲಿ ನೋಡು, ಹತ್ತಿ ಆಗೇತಿ. ಹಣಿ ಮ್ಯಾಗ ಇಭೂತಿ" ಎಂದಳು. "ಗ್ವಾಡಿಗೆ ಹಾಕಿದ್ರ ಅಲ್ಲಿಂದ್ಲೂ ಬೈತಾಳ ಮುದುಕಿ. ಇರ್ಲಿ, ಸಾಕಿದಾಕಿ. ನಮ್ಮವ್ವ ನಾ ಕೂಸಿದ್ದಾಗ ಸತ್ಲು, ಆಕಿ ಮಾರಿ ಅಂತೂ ನನಗ ನೆಪ್ಪಿಲ್ಲ, ಒಂದು ಫೋಟೊನೂ ಇಲ್ಲ."

ಫಿಲಮನ್ನು ಬೆಳಕಿಗೆ ಹಿಡಿದವನು ಹಾಗೇ ನಿಂತೆ. ಫಿಲಮಿನಲ್ಲಿ ಎಲ್ಲವೂ ಉಲ್ಟಾ: ಬಿಳಿ ಇದ್ದದ್ದು ಕಪ್ಪು, ಕಪ್ಪು ಇದ್ದದ್ದು ಬಿಳಿ. ಅಂದರೆ ಕುರ್ಚಿಯ ಮೇಲೆ ಕೂತಾಕೆಯ ತಲೆಗೂದಲು ಕಪ್ಪಗಿತ್ತು. ಹಣೆಯಲ್ಲಿದ್ದದ್ದು ವಿಭೂತಿಯಲ್ಲ, ಕುಂಕುಮ. ಅಜ್ಜಿಗೆ ಗಂಡ ಹೋಗಿ ಯಾವ ಕಾಲವೋ ಆಗಿತ್ತಂತೆ. ಹಾಗಾದರೆ ಇವಳು ಯಾರು? ಅಜ್ಜಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದು ದೊಡ್ಡವ್ವನ ತಾಯಿಯನ್ನೇ ಇರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವ್ವ ಸಿಕ್ಕಳು ಎಂದು ಹೇಳಿಬಿಟ್ಟು, ಆಮೇಲೆ ಅದು ಯಾರೋ ಪಕ್ಕದ ಮನೆಯಾಕೆ ಎಂದಾದರೆ? ತಾಯಿಯನ್ನು ಅವಳಿಂದ ಇನ್ನೊಂದು ಸಲ ಕಿತ್ತುಕೊಂಡಂತೆ.

ಮಧ್ಯಾಹ್ನ ನೀರು ಬಂತು. ನಮ್ಮೂರ ಬೇಸಿಗೆಯಲ್ಲಿ ನಲ್ಲಿ ನೀರಿನಲ್ಲೇ ಚಹಾ ಮಾಡಬಹುದು. ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, ಅಷ್ಟು ಬಿಸಿಯಾದರೆ ಚಿತ್ರ ಕೆಡುತ್ತದೆಂದು ಫ್ರಿಜ್ಜಿನ ಐಸನ್ನೆಲ್ಲ ಬಳಿದು ತಂದೆ. ಬೆಳಕು ಬಿದ್ದರೆ ಕಪ್ಪಾಗುವ ಫೋಟೊ ಕಾಗದದ ಮೇಲೆ ಫಿಲಂ, ಫಿಲಮಿನ ಮೇಲೆ ಗಾಜು. ಗಾಜು ದೇವರ ಫೋಟೊದ ಕಟ್ಟಿನಿಂದ ಬಿಚ್ಚಿದ್ದು; ಈ ವಿಷಯ ಹೆಂಡತಿಗೆ ಹೇಳಿಲ್ಲ. ಬಿಳಿ ಬಲ್ಬನ್ನು ಒಮ್ಮೆ ಹಾಕಿ ಆರಿಸಿ, ಕಾಗದವನ್ನು ಡೆವಲಪರಿನಲ್ಲಿ ಮುಳುಗಿಸಿದೆ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು.

"ಸೆಕಿ ಐತಿ, ಮಜ್ಜಿಗಿ ಕುಡಿ" ಎಂದು ದೊಡ್ಡವ್ವ ಲೋಟ ಹಿಡಿದು ನಿಂತಿದ್ದಳು. ಬಳ್ಳಾರಿಯ ಬಿಸಿಲೆಲ್ಲ ಅವಳ ಹಿಂದೆಯೇ ಒಳಗೆ ಬಂತು. ಕಾಗದ ಕಾವಲಿಯ ತಳದಷ್ಟು ಕಪ್ಪಾಯಿತು.

ರೇಗಿತು. ಆದರೆ ಮಜ್ಜಿಗೆ ಚೆನ್ನಾಗಿತ್ತು. ಕುಡಿದು, ಇನ್ನೊಮ್ಮೆ ಅಡ್ಡಿಯಾಗದಿರಲೆಂದು ಅವಳನ್ನೇ ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದೆ. ಮಗುಚಿದ ಬಕೆಟ್ಟಿನ ಮೇಲೆ ಕೂತು, "ನಿನ್ನ ಹೇಣ್ತಿ ಭಾಳ ತಡಕೊಂಡಾಳಪ್ಪಾ" ಎಂದಳು.

ಎರಡನೆಯ ಕಾಗದ ಡೆವಲಪರಿನಲ್ಲಿ ತೇಲಿತು. ಮೊದಲು ಕೂದಲು ಬಂತು, ಕಪ್ಪಗೆ. ಆಮೇಲೆ ಕುಂಕುಮ. ಕಣ್ಣು, ಮೂಗು, ಸ್ವಲ್ಪ ಮುಂದಕ್ಕೆ ಬಂದ ಗದ್ದ. ದೊಡ್ಡವ್ವ ಬಕೆಟ್ಟಿನಿಂದ ಎದ್ದಳು. "ಇಕಿ ಯಾರೋ?" ಎಂದಳು. ನಾನು ಕಾಗದವನ್ನು ಎತ್ತಿ ಮುಂದಿನ ತಟ್ಟೆಗೆ ಹಾಕಿದೆ.

ಚಿತ್ರವನ್ನು ತೊಳೆದು ಹೊರಗೆ ತಂದಾಗ ಹೆಂಡತಿ ಬಗ್ಗಿ ನೋಡಿದಳು. "ಅತ್ತಿ, ಇದು ನೀವ ಅಲ್ಲೇನ್ರಿ! ಸಣ್ಣಾಕಿ ಇದ್ದಾಗ ತೆಗೆಸಿದ್ದೇನ್ರಿ?"

"ನನ್ನ ಯಾರು ಕುರ್ಚಿ ಮ್ಯಾಲ ಕುಂದರ್ಸಿದ್ರು?" ಎಂದ ದೊಡ್ಡವ್ವನ ದನಿ ಸಣ್ಣದಾಗಿತ್ತು.

ಹೆಂಡತಿ ಫೋನಿನಲ್ಲಿ ಅದರದೊಂದು ಫೋಟೊ ತೆಗೆದು ಕರೂರಿನಲ್ಲಿದ್ದ ದೊಡ್ಡವ್ವನ ಅಣ್ಣನಿಗೆ ಕಳಿಸಿದಳು. ತಾಯಿ ತೀರಿಕೊಂಡಾಗ ಅವರು ತಿಳಿವಳಿಕೆ ಬಂದ ಹುಡುಗ. ಫೋನು ಬಂತು.

"ಅವ್ವನ ಫೋಟೊ ಎಲ್ಲಿ ಸಿಕ್ತಬೇ ನಿನಗ?" ಎಂದರು.

ದೊಡ್ಡವ್ವ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, ಇನ್ನೂ ಒದ್ದೆಯಾಗಿದ್ದ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಒಣಗಲಿ ಎನ್ನಲಿಲ್ಲ. ಅಷ್ಟು ಖುಷಿ ನನಗೆ ಯಾವ ಚಿತ್ರವೂ ಕೊಟ್ಟಿರಲಿಲ್ಲ. ಅವಳು ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ.

"ನನ್ನ ಮೊಮ್ಮಗಳಿಗಿಂತ ಸಣ್ಣಾಕಿ ಅದಾಳಲ್ಲೋ" ಎಂದಳು ಕೊನೆಗೆ. "ಇಷ್ಟು ಸಣ್ಣ ಹುಡುಗಿ ಮ್ಯಾಲ ನಾ ಇಷ್ಟು ವರ್ಷ ಸಿಟ್ಟು ಮಾಡಿದ್ನಲ್ಲೋ, ನನ್ನ ಬಿಟ್ಟು ಹೋದ್ಲು ಅಂತ."