ಮಾತಾಡಬಾರದ ಒಂದು ಗಂಟೆ

ಕೋವಿಡ್ ಗಲಾಟೆ ಮುಗಿದ ಎರಡನೇ ವರ್ಷ. ನಾನಾಗ ಶಿವಮೊಗ್ಗದ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಆಯಾ. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಮೈಯೊಳಗಿನ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್‌ಗೆ ರೋಗಿಗಳನ್ನು ತಯಾರು ಮಾಡುವ ಕೆಲಸ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆರು ಗಂಟೆ ಉಪವಾಸ, ಬರೀ ನೀರು. ಬಳೆ, ಸರ ಬಿಚ್ಚಿಸಿ ಗೌನು ತೊಡಿಸಬೇಕು. ಆಮೇಲೆ ಸಿಸ್ಟರ್ ವಿಕಿರಣ ಸೇರಿಸಿದ ಸಕ್ಕರೆಯಂಥ ಔಷಧಿ ಚುಚ್ಚುತ್ತಾರೆ. ಅದು ಮೈಗೆ ಹರಡಲು ಒಂದು ಗಂಟೆ. ಅಷ್ಟು ಹೊತ್ತೂ ಅಲ್ಲಾಡದೆ, ಮಾತಾಡದೆ ಮಲಗಿರಬೇಕು. ಯಾವ ಮಾಂಸಖಂಡ ದುಡಿಯುತ್ತದೋ ಅದು ಔಷಧಿ ಎಳೆದುಕೊಂಡು, ಚಿತ್ರದಲ್ಲಿ ಕಾಯಿಲೆಯ ಹಾಗೇ ಹೊಳೆಯುತ್ತದೆ.

ಆ ಮಲಗಿಸುವ ಕೋಣೆಗೆ ಕಿಟಕಿಯಿಲ್ಲ. ಮಂದ ದೀಪ, ದಪ್ಪ ಕಂಬಳಿ, ಎಸಿಯ ಗುಂಯ್ ಸದ್ದು. ಹೊರಗೆ ಸೋಮವಾರವೋ ಶುಕ್ರವಾರವೋ, ಒಳಗೆ ಯಾವ ವಾರವೂ ಇಲ್ಲ.

ಸರೋಜಮ್ಮ ಬಂದದ್ದು ಭದ್ರಾವತಿ ಓಲ್ಡ್ ಟೌನಿನಿಂದ. ಬೀದಿಯಲ್ಲಿ ಸೊಪ್ಪು ಕೂಗಿ ಮಾರುವ ಹೆಂಗಸು. ಗಂಟಲ ಕ್ಯಾನ್ಸರ್‌ಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿ ಮೂರು ತಿಂಗಳಾಗಿತ್ತು. ಗಂಟು ಇನ್ನೂ ಉಳಿದಿದ್ದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಅಂದಿದ್ದರು. ಅದನ್ನು ನೋಡಲಿಕ್ಕೇ ಈ ಸ್ಕ್ಯಾನು.

ಇಂಜೆಕ್ಷನ್ ಆಯಿತು. ಕಂಬಳಿ ಸರಿಮಾಡಿ ಬಾಗಿಲಿಗೆ ಬಂದವಳು, "ನಾನೂ ಓಲ್ಡ್ ಟೌನಿನವಳೇ" ಅಂದುಬಿಟ್ಟೆ.

"ಯಾವ ಬೀದಿ ಅಕ್ಕಾ?"

"ಹೊಳೆ ಕಡೆ. ನೀನು ಬಾಯ್ಮುಚ್ಚಿ ಮಲ್ಕೋ ಮಾರಾಯ್ತಿ."

"ಮುಚ್ಚೋದು ಇದ್ದೇ ಇದೆಯಲ್ಲ, ಆಪರೇಷನ್ ಆದ್ಮೇಲೆ."

ಅಲ್ಲಿಗೆ ಸುಮ್ಮನಾಗಿದ್ದಳು. ಸುಮ್ಮನಿರಲಾರದವಳು ನಾನು. "ಬಟ್ಟೆ ಒಗೆಯೋ ಕಲ್ಲು ಈಗಲೂ ಇದ್ಯಾ?" ಅಂದೆ. ಇದೆಯಂತೆ. ಬೇಸಿಗೆಯಲ್ಲಿ ಅದರ ಬುಡ ಕಾಣುತ್ತದಂತೆ. ಕಲ್ಲಿನಿಂದ ಕಾರ್ಖಾನೆಯ ಸೈರನ್ನಿಗೆ, ಸೈರನ್ನಿನಿಂದ ಒದ್ದೆ ಕೂದಲು ಹರಡಿಕೊಂಡು ಬಿಸಿಲಿಗೆ ಕೂರುತ್ತಿದ್ದ ಹುಡುಗಿಯರಿಗೆ ಮಾತು ತೇಲಿತು. ಅವಳ ಗೊಗ್ಗರು ದನಿ ಕತ್ತಲೊಳಗಿಂದ, ಆಚೆ ದಡದಿಂದ ಬಂದ ಹಾಗೆ ಬರುತ್ತಿತ್ತು. ನನ್ನ ಕಾಲ ಕೆಳಗೆ ನೆಲವಲ್ಲ, ತಣ್ಣನೆ ಮರಳು ಇದ್ದಂತಿತ್ತು. ಸಿಸ್ಟರ್ ಬಂದು "ಟೈಮ್ ಆಯ್ತು" ಅಂದಾಗಲೇ ಎಚ್ಚರ.

ಮಧ್ಯಾಹ್ನ ಡಾಕ್ಟರ ಕೋಣೆ ಒರೆಸುತ್ತಿದ್ದೆ. ಕಂಪ್ಯೂಟರಿನಲ್ಲಿ ಸರೋಜಮ್ಮನ ಗಂಟಲ ಜಾಗ ಹಳದಿಯಾಗಿ ಉರಿಯುತ್ತಿತ್ತು. "ಉಳಿದಿರೋ ಹಾಗಿದೆ. ಸರ್ಜನ್‌ಗೆ ಬರೀತೀನಿ" ಅಂದರು ಡಾಕ್ಟರು.

ಕೆಲಸ ಹೋದೀತು ಅಂತ ಹೆದರಿಕೆಯಾಯಿತು. ಸುಳ್ಳೇಕೆ ಹೇಳಲಿ, ಇಡೀ ನೆಲ ಒರೆಸಿ ಮುಗಿಯುವವರೆಗೂ ಸುಮ್ಮನೇ ಇದ್ದೆ. ಆಮೇಲೆ ಹೇಳಿದೆ: "ಬರೀಬೇಡಿ ಡಾಕ್ಟ್ರೇ. ಆಯಮ್ಮ ಗಂಟೆ ಪೂರ್ತಿ ಮಾತಾಡಿದ್ದಾರೆ. ಮಾತಾಡ್ಸಿದ್ದು ನಾನು."

"ಎಲ್ಲರ ಬಾಯಿ ಮುಚ್ಚಿಸೋ ನೀವೇ ಹೀಗ್ ಮಾಡೋದಾ ಅಜ್ಜಿ!" ಅಂದರು. ಮೆಮೊ ಕೊಟ್ಟರು, ಸಹಿ ಹಾಕಿದೆ.

ಸರ್ಜನ್‌ಗೆ ಬರೆಯಲಿಲ್ಲ; ಯಾಕೆ ಅಂತ ಸರೋಜಮ್ಮನಿಗೂ ಹೇಳಿ, ಮುಂದಿನ ವಾರ ಮತ್ತೆ ಸ್ಕ್ಯಾನು. ಈ ಸಲ ಬಾಗಿಲು ಹಾಕಿಕೊಂಡು ಹೊರಗೇ ಕೂತೆ. ಗಂಟಲಲ್ಲಿ ಹಳದಿ ಕಾಣಲಿಲ್ಲ. "ಆಪರೇಷನ್ ಬೇಡ" ಅಂದರು ಡಾಕ್ಟರು. ಸರೋಜಮ್ಮ ಅಳಲಿಲ್ಲ, ಕೈಮುಗಿಯಲೂ ಇಲ್ಲ. ಹೊರಗೆ ಬಂದು, ಸೊಪ್ಪಿನವಳ ಗಂಟಲಲ್ಲಿ ಕಾರಿಡಾರು ತುಂಬುವ ಹಾಗೆ ನನ್ನನ್ನು ಬೈದಳು. "ಒಂದು ವಾರ ನನ್ನ ಜೀವ ತಿಂದ್ಬಿಟ್ರಲ್ಲ ಅಕ್ಕಾ!" ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಯಂತ್ರ ತನಗೆ ಕಂಡದ್ದನ್ನು ತೋರಿಸುತ್ತದೆ, ಅಷ್ಟೆ. ಯಾಕೆ ಹಾಗೆ ಕಂಡಿತು ಅಂತ ಬಾಗಿಲಲ್ಲಿ ನಿಂತವಳು ಹೇಳಬೇಕು, ಅದೂ ತಡಮಾಡದೆ. ಬೈಗುಳ ಆಮೇಲೆ ತಿಂದರಾಯಿತು.