ಟೈಲರ್ ಅತ್ತೆಯ ಮಗಳು

ಕಳೆದ ಸೋಮವಾರ ಸಂಜೆ ಸುದ್ದಿಮನೆಯ ನನ್ನ ಮೇಜಿಗೆ ಒಂದು ಅಧ್ಯಯನದ ವರದಿ ಬಂತು. ಎಂಥ ಕುಟುಂಬದಲ್ಲಿ ಬೆಳೆದ ಮಕ್ಕಳು ಓದಿನಲ್ಲಿ ಮುಂದಿರುತ್ತಾರೆ ಎಂಬುದು ವಿಷಯ. ವರದಿಗಾರ ಕೊಟ್ಟ ಶೀರ್ಷಿಕೆ: ‘ಒಂಟಿ ತಾಯಿಯ ಮಕ್ಕಳು ಹಿಂದೆ’. ಓದುತ್ತಿದ್ದಂತೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂದಂತಾಯಿತು... ಶಿರಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರ್ ಅತ್ತೆಯ ಸೆರಗಿನ ವಾಸನೆ ಅದು.

ಅತ್ತೆಯ ಗಂಡ ಬಿಟ್ಟುಹೋಗಿದ್ದ. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ನಮ್ಮದು ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು ಸೇರಿದ ತುಂಬಿದ ಮನೆ. ಆ ಹುಡುಗಿ ನನ್ನ ತರಗತಿಯವಳೇ. ಅತ್ತೆ ರವಿಕೆ ಹೊಲಿಯುತ್ತಲೇ ಅವಳಿಂದ ಪಾಠ ಓದಿಸುತ್ತಿದ್ದರು. ಅವಳು ತಪ್ಪಿದರೆ ಯಂತ್ರದ ಸದ್ದು ನಿಲ್ಲುತ್ತಿತ್ತು. ನಾನು ಯಾವ ತರಗತಿ ಎಂದು ನಮ್ಮ ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಪಟ್ಟನಾಯಕನಹಳ್ಳಿ ಮಠಕ್ಕೆ ನಮ್ಮವರೆಲ್ಲ ಎರಡು ಟೆಂಪೋಗಳಲ್ಲಿ ಹೋಗಿದ್ದೆವು. ವಾಪಸಾಗುವಾಗ ಒಂದರಲ್ಲಿದ್ದವರು ನಾನು ಇನ್ನೊಂದರಲ್ಲಿದ್ದೇನೆ ಎಂದುಕೊಂಡರು, ಅದರಲ್ಲಿದ್ದವರು ಇದರಲ್ಲಿದ್ದೇನೆ ಎಂದು. ಚಪ್ಪಲಿ ಬಿಡುವ ಜಾಗದಲ್ಲಿ ಅಳುತ್ತ ನಿಂತಿದ್ದ ನನ್ನನ್ನು ಕಂಡು, ಮಗಳೊಂದಿಗೆ ಅಲ್ಲಿಗೆ ಬಂದಿದ್ದ ಅತ್ತೆ ತಮ್ಮ ಜೊತೆಗೇ ಬಸ್ಸು ಹತ್ತಿಸಿದರು. ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನಾನು ಅದನ್ನೇ ನೋಡುತ್ತಿದ್ದೆ.

“ಅತ್ತೆ, ನಾನು ನಿಮ್ಮನೇಲೇ ಇದ್ಬುಡ್ಲಾ?”

“ಇರು ಬಾ. ನಿಮ್ಮಜ್ಜೀನೂ ಕರ್ಕಂಡ್ ಬಂದ್ಬುಡು. ನಂಗೆ ಜರ ಬಂದ್ರೆ ಇವ್ಳಿಗೆ ಮುದ್ದೆ ಇಕ್ಕೋರು ಅವ್ರೇ ಕಣಮ್ಮ.”

ಅದು ನನಗೆ ಗೊತ್ತಿರಲಿಲ್ಲ. ಅವಳಿಗೆ ಅಂಥ ತಾಯಿ ಇದ್ದುದು ಸಾಲದು ಎಂಬಂತೆ, ನನ್ನ ಅಜ್ಜಿಯಲ್ಲೂ ಅವಳಿಗೆ ಪಾಲಿತ್ತು.

ಮನೆ ತಲುಪಿದಾಗ ಯಾರೂ ನನ್ನನ್ನು ಹುಡುಕುತ್ತಿರಲಿಲ್ಲ. “ಇವ್ಳು ಆ ಟೆಂಪೋದಾಗೆ ಇರ್ಲಿಲ್ವಾ?” ಎಂದರು ಅಜ್ಜಿ.

“ನಿಮ್ದು ತುಂಬಿದ ಮನೆ ಕಣವ್ವ, ಒಂದು ಕಮ್ಮಿಯಾದ್ರೂ ಗೊತ್ತಾಗಾಕಿಲ್ಲ. ನನ್ ತಾವ ಇರೋದೇ ಒಂದು, ಕಳ್ಕಳ್ಳಕ್ಕೆ ಧೈರ್ಯ ಬರಾಕಿಲ್ಲ,” ಎಂದರು ಅತ್ತೆ.

ಅಜ್ಜಿ ನಕ್ಕು ತಾಯಿ, ಮಗಳು ಇಬ್ಬರನ್ನೂ ಊಟಕ್ಕೆ ಕೂರಿಸಿದರು. ಆ ಹುಡುಗಿ ನನ್ನ ತಟ್ಟೆಯಲ್ಲೇ ಉಂಡಳು. ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲ ಸ್ಥಾನ ಪಡೆದವಳೂ ಅವಳೇ...

ವರದಿಯನ್ನು ಮತ್ತೆ ಓದಿದೆ. ಅದು ಹೇಳುವುದು ಸರಾಸರಿಯನ್ನು. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದ್ದರು. ಪಕ್ಕದ ಮನೆಯಲ್ಲಿ ಯಾರಿದ್ದರು ಎಂದು ಕೇಳಿರಲಿಲ್ಲ. ಹಿಂದೆ ಬಿದ್ದ ಮಕ್ಕಳ ಮನೆಗಳಲ್ಲಿ ಆದಾಯವೂ ಕಡಿಮೆ ಎಂಬ ಮಾತು ಕೊನೆಯ ಪುಟದಲ್ಲಿತ್ತು. ಅಪ್ಪ ಇಲ್ಲದ್ದೇ ಕಾರಣವೆಂದು ಸಂಶೋಧಕರು ಎಲ್ಲೂ ಹೇಳಿರಲಿಲ್ಲ. ಶೀರ್ಷಿಕೆ ತೆಗೆದೆ. ಇಷ್ಟು ವರ್ಷದ ಮೇಲೂ ಅವಳ ಪರ ನಿಲ್ಲಬೇಕಾಯಿತಲ್ಲ ಎಂದು ಒಳಗೆ ಕಸಿವಿಸಿ.

ಗುರುವಾರ ಶಿರಾದಿಂದ ಬಂದ ನಿಧನ ವಾರ್ತೆಗಳಲ್ಲಿ ಅತ್ತೆಯ ಹೆಸರಿತ್ತು. ಅಂತ್ಯಕ್ರಿಯೆ ಹಿಂದಿನ ದಿನವೇ ಮುಗಿದಿತ್ತು. ನನಗೆ ಯಾರೂ ತಿಳಿಸಿರಲಿಲ್ಲ. ಕಾಗುಣಿತ ತಿದ್ದಿ ಪುಟಕ್ಕೆ ಬಿಟ್ಟೆ. ಕೊನೆಯ ಸಾಲಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ: ಮೃತರಿಗೆ ಒಬ್ಬ ಪುತ್ರಿ ಇದ್ದಾರೆ.