ಅವ್ವ ಹೇಳಿದ ಅರ್ಧ ಮಾತು

ನಮ್ಮ ಅವ್ವ ಇಳಕಲ್ಲಿನ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಹನ್ನೆರಡು ವರ್ಷ. ನೇಕಾರರ ಆ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಅವ್ವ ಯಾರಿಗೂ ಧರ್ಮದ ಮಾತು ಹೇಳಿದವಳಲ್ಲ. ಸೂಜಿ ಚುಚ್ಚುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಆಯಾ ಬರದ ದಿನ ಬಾಣಂತಿಯರ ಬಟ್ಟೆಯನ್ನು ತಾನೇ ಒಗೆದು ಒಣಹಾಕುತ್ತಿದ್ದಳು. ಓಣಿಯವರೆಲ್ಲ ಅವಳನ್ನು ನರ್ಸಬಾಯಿ ಎಂದು ಕರೆಯುತ್ತಿದ್ದರು.

ಆದರೆ ಅವಳಿಗೆ ಸಿಟ್ಟು ಬೇಗ ಬರುತ್ತಿತ್ತು. ಒಂದು ಬೆಳಿಗ್ಗೆ ನಳದ ಹತ್ತಿರ ಪಕ್ಕದ ಮನೆಯ ನೇಕಾರರ ಹೆಂಗಸು ಅವ್ವನ ಕೊಡವನ್ನು ಸರಿಸಿ ತನ್ನದನ್ನು ಮುಂದಿಟ್ಟಳು. ಮಾತಿಗೆ ಮಾತು ಬೆಳೆಯಿತು. ಅವ್ವ ಎಲ್ಲರೆದುರಿಗೆ, “ನಿನ್ನ ಮಗಳಿಗೆ ಫಿಟ್ಸ್ ಬಂದಾಗ ಎದಿಗೆ ಅವಚಿಕೊಂಡು ದವಾಖಾನಿಗೆ ಓಡಿದಾಕಿ ಯಾರು, ನೆನಪೈತೇನು?” ಎಂದುಬಿಟ್ಟಳು. ಪಕ್ಕದ ಮನೆಯವಳ ಮುಖ ಬಿಳಿಚಿಕೊಂಡಿತು. ಅವಳು ಖಾಲಿ ಕೊಡವನ್ನೇ ಎತ್ತಿಕೊಂಡು ಹೋದಳು.

ಆ ಮಗಳಿಗೆ ಹುನಗುಂದದಿಂದ ಒಂದು ಸಂಬಂಧ ಬಂದಿತ್ತು. ಹೆಚ್ಚುಕಡಿಮೆ ಗೊತ್ತಾದಂತೆಯೇ ಇತ್ತು. ನಳದ ಹತ್ತಿರ ನಿಂತಿದ್ದ ಹೆಂಗಸರಲ್ಲಿ ಒಬ್ಬಳಿಗೆ ಆ ಮನೆಯವರ ಬಳಕೆ ಇತ್ತು. ವಾರದೊಳಗೆ ಹುನಗುಂದದವರು ಸ್ವಲ್ಪ ದಿನ ವಿಚಾರ ಮಾಡುತ್ತೇವೆಂದು ಹೇಳಿಕಳಿಸಿದರು. ಇದು ಅವ್ವನ ಕಿವಿಗೂ ಬಿತ್ತು. ಅವತ್ತು ಅವಳು ಊಟ ಮಾಡಲಿಲ್ಲ.

ಮರುದಿನ ಭಾನುವಾರ. ನಮ್ಮ ಸಭೆಗೆ ಸ್ವಂತ ಗುಡಿ ಇರಲಿಲ್ಲ. ಇದ್ದ ನಾಲ್ಕೈದು ಕುಟುಂಬಗಳು ಒಂದು ಬಾಡಿಗೆ ಕೋಣೆಯಲ್ಲಿ ಸೇರುತ್ತಿದ್ದವು. ತಿಂಗಳಿಗೊಮ್ಮೆ ಬಾಗಲಕೋಟೆಯಿಂದ ಪಾದ್ರಿಗಳು ಬಂದು ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸದ ಪ್ರಭುಭೋಜನ ಕೊಡುತ್ತಿದ್ದರು. ಅವ್ವ ಇಡೀ ತಿಂಗಳು ಕಾಯುತ್ತಿದ್ದುದು ಆ ದಿನಕ್ಕೆ. ಅವತ್ತು ರೊಟ್ಟಿಯ ತಟ್ಟೆ ನಮ್ಮ ಸಾಲಿಗೆ ಬರುವಷ್ಟರಲ್ಲಿ ಅವಳು ಎದ್ದು ನಿಂತಳು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ನಡೆದಳು. ನಾನು ಗಾಬರಿಯಾಗಿ ಹಿಂದೆ ಓಡಿದೆ. ಏನಾಯಿತೆಂದು ಕೇಳಿದ್ದಕ್ಕೆ, “ಕೈ ಚಾಚಬೇಕಂದ್ರ ಆ ಹುಡುಗಿ ಮಾರಿ ಕಣ್ಣ ಮುಂದ ಬಂತವಾ” ಎಂದಷ್ಟೇ ಹೇಳಿ ಬಿರಬಿರನೆ ನಡೆದಳು.

ನಾವು ಹೋದಾಗ ಪಕ್ಕದ ಮನೆಯವಳು ಲಿಂಗಪೂಜೆಗೆ ಕುಳಿತಿದ್ದಳು. ಅವ್ವ ಕರೆಯಲಿಲ್ಲ. ಪೂಜೆ ಮುಗಿಯುವವರೆಗೂ ಬಿಸಿಲಲ್ಲಿ ಹೊಸ್ತಿಲ ಹೊರಗೆ ನಿಂತಳು. ವಿಭೂತಿ ಹಚ್ಚಿಕೊಂಡು ಹೊರಬಂದ ಅವಳು ನಮ್ಮನ್ನು ನೋಡಿ ಕುಳಿತುಕೊಳ್ಳಿ ಎನ್ನಲಿಲ್ಲ.

“ತಪ್ಪ ಮಾಡೇನ್ರಿ. ಆ ಮಾತು ನನ್ನ ಬಾಯಿಂದ ಬರಬಾರದಾಗಿತ್ತು,” ಎಂದಳು ಅವ್ವ. ತಾನು ಏನು ಮಾಡಿದರೆ ಇದು ಸರಿಹೋದೀತು ಎಂದು ಅವ್ವ ಕೇಳಿದಳು. ಆಗ ಪಕ್ಕದ ಮನೆಯವಳು ಕಣ್ಣೊರೆಸಿಕೊಂಡು, ತನ್ನ ಜೊತೆ ಹುನಗುಂದಕ್ಕೆ ಬಂದು ಅವರ ಮನೆಯಲ್ಲಿ ಮಾತಾಡಬೇಕು ಎಂದಳು. ಅವ್ವ ಒಪ್ಪಿದಳು. ಮರುದಿನ ನಳದ ಹತ್ತಿರ ಅದೇ ಹೆಂಗಸರೆದುರು ನಿಂತು, ದವಾಖಾನೆಯಲ್ಲಿ ತಿಳಿದದ್ದನ್ನು ಬೀದಿಗೆ ತಂದದ್ದು ತನ್ನ ತಪ್ಪೆಂದು ಹೇಳಿದಳು. ನಾಚಿಕೆಯಿಂದ ನಾನು ನೆಲ ನೋಡುತ್ತ ನಿಂತಿದ್ದೆ.

ಹುನಗುಂದದ ಬಸ್ಸಿನಲ್ಲಿ ನಾನು ಅವರಿಬ್ಬರ ನಡುವೆ ಕುಳಿತಿದ್ದೆ. ದಾರಿಯಲ್ಲಿ ಪಕ್ಕದ ಮನೆಯವಳು ಅವ್ವನ ಕಡೆ ಬಾಗಿ, “ಎಲ್ಲಾ ಸುಳ್ಳು ಅಂದಬಿಡ್ರಿ ಬಾಯಾರ. ಅಷ್ಟ ಸಾಕು,” ಎಂದಳು. ಅವ್ವ ಕಿಟಕಿಯ ಆಚೆಗಿನ ಜೋಳದ ಹೊಲದತ್ತ ಮುಖ ತಿರುಗಿಸಿದಳು. ಆಮೇಲೆ, ಅದೊಂದನ್ನು ಬಿಟ್ಟು ಬೇರೆ ಏನು ಹೇಳೆಂದರೂ ಹೇಳುತ್ತೇನೆ ಎಂದಳು. ನನಗೆ ಅವ್ವನ ಮೇಲೆ ಸಿಟ್ಟು ಬಂತು. ಒಂದು ಸುಳ್ಳಿನಿಂದ ಒಬ್ಬ ಹುಡುಗಿಯ ಮದುವೆ ಆಗುವುದಾದರೆ ಇವಳ ಗಂಟೇನು ಹೋಗುತ್ತದೆ ಅನಿಸಿತು.

ಹುನಗುಂದದ ಮನೆಯಲ್ಲಿ ಹುಡುಗನ ತಾಯಿ ನೀರು ಕೊಟ್ಟು, ಚಾಪೆ ಹಾಸಿ ಕೂರಿಸಿದಳು. ನಳದ ಹತ್ತಿರ ಆಡಿದ ಮಾತು ಸುಳ್ಳೇ ಎಂದು ನೇರವಾಗಿ ಕೇಳಿದಳು.

“ಸುಳ್ಳಲ್ರಿ, ಅರ್ಧಾ ಮಾತು,” ಎಂದಳು ಅವ್ವ. “ಎರಡು ವರ್ಷದಾಕಿ ಇದ್ದಾಗ ಜ್ವರ ಏರಿ ಒಮ್ಮೆ ಬಂದಿತ್ತು. ಭಾಳ ಕೂಸುಗಳಿಗೆ ಹಂಗ ಬರ್ತೈತಿ. ಆಮ್ಯಾಲ ಒಂದ ಸಲಾನೂ ಬಂದಿಲ್ಲ. ಸಿಟ್ಟಿನ್ಯಾಗ ಅರ್ಧಾ ಆಡಿ ಕೆಡಿಸಿದಾಕಿ ನಾನು.”

ಅವರು ಮರ್ಯಾದೆಯಿಂದಲೇ ಬೀಳ್ಕೊಟ್ಟರು. ಆದರೆ ಸಂಬಂಧ ಕೂಡಲಿಲ್ಲ. ಬರುವಾಗ ಪಕ್ಕದ ಮನೆಯವಳು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತಳು. ಆಮೇಲೆ ಎಷ್ಟೋ ತಿಂಗಳು ನಮ್ಮ ಜೊತೆ ಮಾತಾಡಲಿಲ್ಲ. ಅವ್ವ ಮಾತ್ರ ದಿನವೂ ಅವಳ ಬಾಗಿಲು ದಾಟುವಾಗ “ಬರ್ತೇನ್ರಿ” ಎಂದು ಹೇಳಿಯೇ ಕೆಲಸಕ್ಕೆ ಹೋಗುತ್ತಿದ್ದಳು. ಉತ್ತರ ಬರಲಿಲ್ಲವೆಂದು ಒಂದು ದಿನವೂ ತಪ್ಪಿಸಲಿಲ್ಲ. ನಳದ ಹತ್ತಿರ ಎಷ್ಟೇ ಜಗಳವಾದರೂ ಬಾಯಿ ಬಿಡುತ್ತಿರಲಿಲ್ಲ. ಸಿಟ್ಟನ್ನು ನುಂಗುವಾಗ ಅವಳ ಕತ್ತಿನ ನರ ಉಬ್ಬುವುದು ನನಗೆ ಕಾಣುತ್ತಿತ್ತು.

ಮರುವರ್ಷ ಬಾದಾಮಿಯಿಂದ ಆ ಹುಡುಗಿಯನ್ನು ನೋಡಲು ಬಂದರು. ಅವತ್ತು ಪಕ್ಕದ ಮನೆಯವಳು ತಾನಾಗಿಯೇ ನಮ್ಮ ಬಾಗಿಲಿಗೆ ಬಂದು ಅವ್ವನನ್ನು ಕರೆದೊಯ್ದಳು. ಬೀಗರಲ್ಲಿ ಹಿರಿಯರೊಬ್ಬರು ಊರಲ್ಲಿ ಏನೋ ಕೇಳಿಬಂದೆವು, ಖರೆ ಏನು ಎಂದು ಅವ್ವನನ್ನು ವಿಚಾರಿಸಿದರು. ಅವ್ವ ಬಾಗಿಲಲ್ಲಿ ನಿಂತಿದ್ದ ಹುಡುಗಿಯತ್ತ ತಿರುಗಿ, “ಹೇಳ್ಲೇನವಾ?” ಎಂದು ಕೇಳಿದಳು.

“ನಾನ ಹೇಳ್ತೇನ್ರಿ,” ಎಂದಳು ಆ ಹುಡುಗಿ. ಎರಡು ಹೆಜ್ಜೆ ಮುಂದೆ ಬಂದು, ತನಗೆ ಚಿಕ್ಕಂದಿನಲ್ಲಿ ಆದದ್ದನ್ನು ತಾನೇ ಸ್ಪಷ್ಟವಾಗಿ ಹೇಳಿದಳು. ಹಿರಿಯರು ಅವ್ವನ ಮುಖ ನೋಡಿದರು. ಅವ್ವ ಹೌದು ಎಂದಳು. ಆಗ ಪಕ್ಕದ ಮನೆಯವಳು, “ಈಕಿ ಹೌದಂದ್ರ ಹೌದ್ರಿ. ತನ್ನ ಮಾನ ಹೋಗೂ ಮಾತಿದ್ರೂ ಖರೇನ ಹೇಳ್ತಾಳ. ನಾ ಕಣ್ಣಾರೆ ನೋಡೇನಿ,” ಎಂದಳು.

ಹಿರಿಯರು ನಕ್ಕು, ಹುಡುಗಿಯ ಧೈರ್ಯ ತಮಗೆ ಹಿಡಿಸಿತು ಎಂದರು. ಬೇಸಿಗೆಯಲ್ಲಿ ಮದುವೆಯಾಯಿತು. ನಾವೆಲ್ಲ ಬಾದಾಮಿಗೆ ಹೋಗಿ ಉಂಡು ಬಂದೆವು.

ಮುಂದೆ ನಾನು ಶಿಕ್ಷಕಿಯಾದೆ. ಕ್ರೈಸ್ತಳಾಗಿ ಬಾಳುವುದೆಂದರೇನು ಎಂದು ಸಹೋದ್ಯೋಗಿಗಳು ಎಷ್ಟೋ ಸಲ ಕೇಳಿದ್ದಾರೆ. ನಾನು ಬೈಬಲ್ಲಿನ ವಚನಗಳನ್ನು ಹೇಳಹೊರಟು, ನಡುವೆಯೇ ನಿಲ್ಲಿಸಿ, ಈ ಸಂಗತಿಯನ್ನೇ ಹೇಳಿದ್ದೇನೆ. ಅವ್ವನಂತೆ ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದು ನನಗೆ ಇನ್ನೂ ಬಂದಿಲ್ಲ.